ಕದ್ದ ಕಮಾನು

ಹರಿಹರ

ಹರಿಹರದ ಸೇತುವೆಯ ಮೇಲೆ ರೈಲು ನಿಧಾನವಾದಾಗ ಎದುರಿಗೆ ಕುಳಿತಿದ್ದ ಮುದುಕ ಹೊಳೆಗೆ ಕೈಮುಗಿದು, "ಇಲ್ಲಿಗೆ ನಮ್ಮ ಸರಕಾರ ಮುಗೀತ ನೋಡ್ರಿ. ಇನ್ನ ಮಹಾರಾಜರ ರಾಜ್ಯ" ಎಂದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಈ ದಂಡೆಯ ಮಣ್ಣಿಗೂ ಆ ದಂಡೆಯ ಮಣ್ಣಿಗೂ ಬಣ್ಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಣ್ಣದ ವಿಷಯದಲ್ಲಿ ನನ್ನ ಕಣ್ಣು ಸುಳ್ಳು ಹೇಳುವುದಿಲ್ಲ. ಬಾಯಿ ಹೇಳಿದೆ. ಆ ಸುಳ್ಳಿನ ಸಲುವಾಗಿಯೇ ನಾನು ಪರರಾಜ್ಯಕ್ಕೆ ಹೊರಟಿದ್ದೆ.

ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವನು. ಕೆಲಸ ನಾಟಕ ಕಂಪನಿಯ ಪರದೆ ಬರೆಯುವುದು. ಹುಬ್ಬಳ್ಳಿ, ಗದಗದ ಕಡೆ ನಾಟಕ ನೋಡುವ ಮಂದಿಗೆ ಪೇಂಟರ್ ಸಂಗಪ್ಪನ ದರ್ಬಾರಿನ ಪರದೆ ಗೊತ್ತಿರುತ್ತದೆ. ಪರದೆ ಇಳಿದು ಅದರ ದೊಡ್ಡ ಕಮಾನು ಕಂಡರೆ ನಟ ಬರುವ ಮೊದಲೇ ಚಪ್ಪಾಳೆ ಬೀಳುತ್ತಿತ್ತು. ಆ ಕಮಾನಿನಿಂದಲೇ ನನಗೆ ಹೆಸರು ಬಂತು.

ಅದನ್ನು ಬರೆದವನು ನಾನಲ್ಲ. ನನ್ನ ಅಕ್ಕ ಗಂಗವ್ವ. ಆಗ ಅವಳಿಗೆ ಹದಿನಾರು ವರ್ಷ, ನನಗೆ ಹದಿನಾಲ್ಕು. ಅಪ್ಪನೂ ಪರದೆ ಬರೆಯುವವನೇ. ಅವನು ಹಾಸಿಗೆ ಹಿಡಿದಾಗ ಒಪ್ಪಿಕೊಂಡ ಪರದೆಯನ್ನು ಅಕ್ಕ ನಮ್ಮ ಪಡಸಾಲೆಯಲ್ಲಿ ಹಾಸಿಕೊಂಡು ಮುಗಿಸಿದಳು. ಕಂಪನಿಯ ಯಜಮಾನರು ಬಂದು ನೋಡಿ, "ಇದು ಯಾರ ಕೈ?" ಎಂದು ಕೇಳಿದರು. ಅಕ್ಕ ಅಡಿಗೆಮನೆಯ ಬಾಗಿಲ ಹಿಂದೆ ಇದ್ದಳು. ನಾನು "ನಂದು" ಎಂದೆ. ಅಂದೇ ಅವರು ನನ್ನನ್ನು ಕಂಪನಿಗೆ ಕರೆದುಕೊಂಡು ಹೋದರು. ಅಪ್ಪ ಏನೂ ಹೇಳಲಿಲ್ಲ. ಅಕ್ಕನೂ ಹೇಳಲಿಲ್ಲ.

ಮುಂದೆ ಅಕ್ಕನನ್ನು ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಮಾಸ್ತರರಿಗೆ ಕೊಟ್ಟರು. ಅವರು ಕಂಪನಿ ಬಿಟ್ಟು ಮೈಸೂರು ಸೀಮೆಯ ಮಳವಳ್ಳಿಯಲ್ಲಿ ಪಾಠ ಹೇಳುತ್ತ ಉಳಿದರು. ಅವರು ತೀರಿಕೊಂಡ ವರ್ಷ ಅಕ್ಕನಿಂದ ಒಂದು ಪತ್ರ ಬಂತು. "ಯಾವುದಾದರೂ ಕಂಪನಿಯ ಪರದೆ ಕೆಲಸ ಇದ್ದರೆ ನನಗೆ ಕಳಿಸು, ಇಲ್ಲಿಂದಲೇ ಬರೆದುಕೊಡುತ್ತೇನೆ" ಎಂದಿತ್ತು. ನಾನು ಉತ್ತರ ಬರೆಯಲಿಲ್ಲ. ಅವಳ ಪರದೆ ಬಂದರೆ ಯಾರ ಕೈ ಯಾವುದು ಎಂದು ಕಂಡವರಿಗೆ ಗೊತ್ತಾಗುತ್ತಿತ್ತು. ಹಾಗೆ ಹದಿನಾಲ್ಕು ವರ್ಷ ಹೋದವು.

ಯುದ್ಧ ಮುಗಿದರೂ ಬಟ್ಟೆಯ ತೊಂದರೆ ಮುಗಿದಿರಲಿಲ್ಲ. ಪರದೆಯ ಬಟ್ಟೆ ಸಿಗದೆ ನಾನು ಕೈಕಟ್ಟಿ ಕುಳಿತಿದ್ದಾಗ ಹಳೆಯ ನಟನೊಬ್ಬ ಮೈಸೂರು ಕಡೆಯಿಂದ ತಿರುಗಿ ಬಂದು ಹೇಳಿದ: "ಮಳವಳ್ಳ್ಯಾಗ ಯಾಕಿನೋ ಒಬ್ಬಾಕಿ ಊರಮಂದಿನೆಲ್ಲಾ ಕಟ್ಟಿಕೊಂಡು ಗ್ವಾಡಿ ಬರೀತಾಳ. ಅದರಾಗ ನಿನ್ನ ಕಮಾನು ಐತೆಪಾ. ಕದ್ದಾಳ ಅಂತ ಊರೆಲ್ಲಾ ಅಂತಾರ." ನಾನು ನಕ್ಕಂತೆ ಮಾಡಿದೆ. ಮರುದಿನವೇ ಚೀಲ ಕಟ್ಟಿದೆ.

ಯಲಿಯೂರು

ಮಳವಳ್ಳಿಗೆ ರೈಲಿಲ್ಲ. ಬೆಂಗಳೂರಲ್ಲಿ ಗಾಡಿ ಬದಲಿಸಿ ಮದ್ದೂರಿನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿಯಬೇಕು. ಡಬ್ಬಿಯಲ್ಲಿದ್ದವರು ಒಳ್ಳೆಯವರು. ಮದ್ದೂರು ಬಂದಾಗ ನಾಲ್ಕು ಮಂದಿ ಒಟ್ಟಿಗೆ "ಮದ್ದೂರು ಬಂತು, ಇಳ್ಕಳಿ ಇಳ್ಕಳಿ" ಎಂದು ಕೂಗಿದರು. ನಾನು ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕುಳಿತೇ ಇದ್ದೆ. ನಿದ್ದೆ ಹತ್ತಿತ್ತು ಎಂದು ಬರೆಯಬಹುದಿತ್ತು. ಹತ್ತಿರಲಿಲ್ಲ. ಕಾಲು ಏಳಲಿಲ್ಲ. ಮಂಡ್ಯವೂ ಹೋಯಿತು. ಎದುರಿಗಿದ್ದ ಹೆಂಗಸು ನನ್ನನ್ನು ಸಂಶಯದಿಂದ ನೋಡತೊಡಗಿದ ಮೇಲೆ ಯಲಿಯೂರು ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದೆ.

ನಾಲ್ಕೂ ಕಡೆ ಕಬ್ಬು. ನಮ್ಮ ಕಡೆ ಇಷ್ಟು ಹಸಿರು ಬೇಕೆಂದರೆ ನಾನೇ ಪರದೆಯ ಮೇಲೆ ಬಳಿಯಬೇಕು. ಮಂಡ್ಯಕ್ಕೆ ಹೊರಟಿದ್ದ ಒಂದು ಎತ್ತಿನ ಗಾಡಿಯವನು ಕೇಳದೆಯೇ ಗಾಡಿ ನಿಲ್ಲಿಸಿದ.

"ಯಾವೂರಾಯ್ತು?"

"ಹುಬ್ಬಳ್ಳಿರಿ. ಮಳವಳ್ಳಿಗೆ ಹೊಂಟೇನಿ."

"ಮದ್ದೂರಲ್ಲಿಳಿಯೋರು ಇಲ್ಲಿಗ್ಯಾಕೆ ಬಂದ್ರಿ? ಎದ್ರಿಕೆಯಾ?"

ಸುಮ್ಮನೆ ಕೇಳಿದ ಮಾತು. ಆದರೆ ಅದು ಸರಿಯಾದ ಜಾಗಕ್ಕೇ ಬಡಿಯಿತು. ಮಾತು ಬದಲಿಸಲು, "ನಿಮ್ಮ ಮನಿಯಾಗ ಯಾರ್ಯಾರದಾರ್ರಿ?" ಎಂದೆ.

"ನಾನು, ನಮ್ಮನೇವ್ಳು. ಐದ ಮಂಡ್ಯದ ಸಕ್ರೆ ಕಾರ್ಖಾನೆಲವ್ನೆ."

"ಐದೂ ಮಂದಿ ಒಂದ ಕಾರ್ಖಾನ್ಯಾಗ ಅದಾರೇನ್ರಿ? ಚಲೋ ಆತು."

ಅವನು ಎತ್ತಿನ ಹಗ್ಗ ಸಡಿಲ ಬಿಟ್ಟು ನನ್ನ ಮುಖ ನೋಡಿದ. "ಐದು ಮಂದಿ ಎಲ್ಲಿಂದ ಬಂದ್ರು ನನ್ಗೆ? ಒಬ್ನೇ ಐದ ಅಂದ್ರೆ!"

ಆ ಸೀಮೆಯಲ್ಲಿ ಮಗನಿಗೆ ಹೈದ ಎನ್ನುತ್ತಾರೆ, 'ಹ' ನುಂಗಿ 'ಐದ' ಎನ್ನುತ್ತಾರೆ ಎಂದು ತಿಳಿಯುವ ಹೊತ್ತಿಗೆ ಮಂಡ್ಯ ಬಂದಿತ್ತು. ಅವನು ಇಳಿಸುವಾಗಲೂ ನಗುತ್ತಿದ್ದ. ದಾರಿಯಲ್ಲಿ ಸಿಕ್ಕವನೊಬ್ಬನಿಗೆ, "ನಂಗೆ ಐದು ಐಕ್ಳು ಅಂತ ಕಣ್ಲಾ, ಉಬ್ಬಳ್ಳಿಯೋರು ಯೋಳ್ತಾವ್ರೆ" ಎಂದು ಕೂಗಿದ.

ಮಂಡ್ಯ

ಮಂಡ್ಯದ ಗಾಳಿಯಲ್ಲಿ ಬೆಲ್ಲ ಕಾಯಿಸುವ ವಾಸನೆ. ಊಟದ ಮನೆಯಲ್ಲಿ ಕುಳಿತೆ. ಎಲೆಯ ಮೇಲೆ ಕಪ್ಪು ಚೆಂಡಿನಂಥ ರಾಗಿ ಮುದ್ದೆ ಬಂತು. ನಾನು ರೊಟ್ಟಿ ತಿಂದು ಬೆಳೆದವನು. ಬಾಯಿಗೆ ಹಾಕಿದ್ದನ್ನು ಅಗಿಯಬೇಕು ಎಂಬುದು ನನಗೆ ಯಾರೂ ಕಲಿಸಿದ್ದಲ್ಲ. ಅಗಿದೆ. ಅದು ಹಲ್ಲಿಗೆಲ್ಲ ಮೆತ್ತಿಕೊಂಡು ಬಾಯಿ ತೆಗೆಯಲಾಗದೆ ಕುಳಿತೆ. ಬಡಿಸುತ್ತಿದ್ದವನು ಬಂದು ಗಂಟಲು ಮುಟ್ಟಿ ತೋರಿಸಿದ: "ಅಗೀಬ್ಯಾಡಿ ಸಾಮಿ. ಸಾರಲ್ಲದ್ದಿ ನುಂಗ್ಬುಡಿ. ವಸಿ ನಂಬ್ಕೆ ಇರ್ಬೇಕು."

ನಂಬಿಕೆಯಿಟ್ಟು ನುಂಗಿದೆ. ಇಳಿಯಿತು. ಎರಡನೆಯದನ್ನೂ ಕೇಳಿ ಹಾಕಿಸಿಕೊಂಡೆ. ಹೊಟ್ಟೆ ತುಂಬಿದ ಮೇಲೆ ಸ್ವಲ್ಪ ಧೈರ್ಯ ಬಂದು, ಅಕ್ಕನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದೆ. ಪತ್ರ ಸಿಗಲೇ ಇಲ್ಲ ಎನ್ನಬೇಕು. ಯಜಮಾನರು ತಾವೇ ತಪ್ಪು ತಿಳಿದುಕೊಂಡರು ಎನ್ನಬೇಕು. ಮೂರು ದಿನ ಪ್ರಯಾಣ ಮಾಡಿ ಕ್ಷಮೆ ಕೇಳಲು ಬಂದವನು ಚೀಲದಲ್ಲಿ ಮತ್ತೆರಡು ಸುಳ್ಳು ಇಟ್ಟುಕೊಂಡೇ ಬಂದಿದ್ದೆ.

ಮದ್ದೂರು

ಈ ಸಲ ಮದ್ದೂರಿನಲ್ಲಿ ಇಳಿದೆ. ಮಳವಳ್ಳಿಯ ಬಸ್ಸಿನ ಬೆನ್ನಿಗೆ ದೊಡ್ಡ ಪೀಪಾಯಿಯಂಥ ಒಲೆ ಕಟ್ಟಿದ್ದರು. ಪೆಟ್ರೋಲಿಲ್ಲದ ಕಾಲದಲ್ಲಿ ಇದ್ದಿಲು ಉರಿಸಿ ಅದರ ಹೊಗೆಯಿಂದ ಓಡಿಸುವ ಬಸ್ಸು. ಅದನ್ನು ಓಡಿಸುವವರೂ ಮೆಕ್ಯಾನಿಕ್ಕೂ ಆದ ಬಾಷಾ ಸಾಬರು ಒಲೆಗೆ ಗಾಳಿ ಹಾಕುತ್ತಿದ್ದರು. ಮಳವಳ್ಳಿಯವರೇ ಎಂದು ತಿಳಿದು, "ಗಂಗವ್ವ ಅಂತ, ಹಾರ್ಮೋನಿಯಂ ಮಾಸ್ತರರ ಹೆಂಡ್ತಿ, ಗೊತ್ತೇನ್ರಿ?" ಎಂದೆ.

"ಗಂಗಮ್ಮೋರಾ! ಅವ್ರ್ನ ತಿಳೀದೋರು ಯಾರು? ನಂಗೂ ಒಂದು ಮಾರು ಕೊಟ್ಟವ್ರೆ. ನಮ್ಮನೇವ್ಳಿಗೂ ಒಂದು ಮಾರು."

ಎರಡು ಕೈ ಅಗಲಿಸಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ನಮ್ಮ ಕಡೆ ಮಾರಿನ ಲೆಕ್ಕದಲ್ಲಿ ಕೊಡುವುದು ಕಟ್ಟಿದ ಹೂವನ್ನು. ದರ್ಬಾರಿನ ಕಮಾನು ಬರೆದ ನನ್ನ ಅಕ್ಕ ಸಂತೆಯಲ್ಲಿ ಕುಳಿತು ಹೂವು ಮಾರುತ್ತಿದ್ದಾಳೆ!

"ಈಗ ಹಗಲೆಲ್ಲ ಅದೇ ಕೆಲಸೇನ್ರಿ?" ಎಂದೆ.

"ಅದೇಯ. ಸಂತೆಮಾಳದ ಉದ್ದಕ್ಕೂ ಮಾರು ಆಕ್ಕೊಂಡು ಓಯ್ತಾರೆ. ಒಂದ್ರ ಬಣ್ಣ ಇನ್ನೊಂದ್ಕಿಲ್ಲ."

"ಬಿಸಿಲಿಗೆ ಬಾಡೂದಿಲ್ಲೇನ್ರಿ?"

"ಬಾಡೋದಾ?" ಸಾಬರು ಗಾಳಿ ಹಾಕುವುದನ್ನು ನಿಲ್ಲಿಸಿದರು. "ಉಣಸೆ ಬೀಜದ ಅಂಟು ಆಕಿದ್ರೆ ಎರಡು ಮಳೆಗಾಲ ತಡೀತದೆ."

ಮೈಸೂರು ಸೀಮೆಯವರು ಹೂವಿಗೆ ಅಂಟು ಹಚ್ಚಿ ಎರಡು ವರ್ಷ ಮುಡಿಯುತ್ತಾರೆ ಎಂದು ನಾನು ಆ ಗಳಿಗೆಯಲ್ಲಿ ನಂಬಿದೆ. ಪರರಾಜ್ಯ, ಏನಿದ್ದರೂ ಇರಬಹುದು.

ಬಸ್ಸು ಹೊರಟಿತು. ಸ್ವಲ್ಪ ಏರು ಬಂದರೂ ನಿಲ್ಲುತ್ತಿತ್ತು. ಆಗ ಗಂಡಸರೆಲ್ಲ ಇಳಿದು ತಳ್ಳಬೇಕು. ಯಾರೂ ಬೈಯಲಿಲ್ಲ, ದಿನದ ಪೂಜೆಯಂತೆ ಇಳಿದು, ತಳ್ಳಿ, ಹತ್ತಿದರು. ಒಲೆಯ ಹತ್ತಿರ ನಿಂತು ತಳ್ಳಿದ್ದರಿಂದ ನನ್ನ ಬಿಳಿ ಅಂಗಿಯೂ ಮುಖವೂ ಇದ್ದಿಲಿನ ಬಣ್ಣಕ್ಕೆ ಬಂದವು. ಊರು ಹತ್ತಿರ ಬಂದಾಗ ಕಂಡಕ್ಟರು ಕೂಗಿದ: "ಕದ್ದ ಕಮಾನು ಯಾರ್ರೀ? ಕದ್ದ ಕಮಾನು ಇಳ್ಕಳಿ!"

ಮೂರು ಮಂದಿ ಎದ್ದರು. ಒಬ್ಬಳು ಮುದುಕಿ, "ನಿಲ್ಸಪ್ಪ, ಕದ್ದ ಕಮಾನ್ತಾವ ನಿಲ್ಸು" ಎಂದು ಬುಟ್ಟಿ ಎತ್ತಿಕೊಂಡಳು. ಅವರ ಬಾಯಲ್ಲಿ ಅದು ಬೈಗುಳ ಆಗಿರಲಿಲ್ಲ. ಆಲದ ಮರ, ಕೆರೆ ಕೋಡಿ ಎಂಬಂತೆ ಒಂದು ಜಾಗದ ಹೆಸರು. ನನ್ನ ಕಳವಿಗೆ ಒಂದು ಬಸ್ಸು ನಿಲ್ಲುತ್ತಿತ್ತು.

ಮಳವಳ್ಳಿ, ಮೊದಲ ದಿನ

ಸಂತೆ ಮೈದಾನದ ಸುತ್ತ ಉದ್ದನೆಯ ಗೋಡೆ. ಬಾಗಿಲಿನ ಮೇಲೆ ಕಮಾನು. ಆ ಗೆರೆಯ ಬಾಗು ನನಗೆ ಗೊತ್ತು; ಇಪ್ಪತ್ತು ಪರದೆಗಳ ಮೇಲೆ ನೋಡಿ ನೋಡಿ ನಕಲು ಮಾಡಿದ್ದೇನೆ. ಇಲ್ಲಿ ಅದು ನನ್ನ ಯಾವ ಪರದೆಯಲ್ಲೂ ಇಲ್ಲದಷ್ಟು ಹಗುರವಾಗಿ ನಿಂತಿತ್ತು.

ಕಮಾನಿನ ಎರಡು ಕಡೆಗೂ ಗೋಡೆಯ ತುಂಬ ಚಿತ್ರಗಳು. ಕೆಮ್ಮಣ್ಣು, ಸುಣ್ಣ, ಇದ್ದಿಲು, ಬಟ್ಟೆಗೆ ಹಾಕುವ ನೀಲಿ. ಒಂದೆಡೆ ಕಬ್ಬಿನ ಗಾಣ. ಪಕ್ಕದಲ್ಲಿ ಎಮ್ಮೆ, ಅದಕ್ಕೆ ಐದು ಕಾಲು. ಅದರಾಚೆ ಬೆನ್ನಿಗೆ ಒಲೆ ಕಟ್ಟಿಕೊಂಡ ಬಸ್ಸು. ಅದು ಬಾಷಾ ಸಾಬರದ್ದು ಎಂದು ಕೇಳದೆಯೇ ತಿಳಿಯಿತು. ಎಲ್ಲವೂ ಒಂದೊಂದು ಮಾರು ಅಗಲ. ಆಗ ನನಗೆ ಹೂವಿನ ಮಾತು ಅರ್ಥವಾಗಿ ನಡುದಾರಿಯಲ್ಲೇ ಒಬ್ಬನೇ ನಕ್ಕೆ.

ಗೋಡೆಯ ಕೊನೆಯಲ್ಲಿ ಹತ್ತಾರು ಜನ ಸಾಲು ನಿಂತಿದ್ದರು. ದಪ್ಪ ಹೊಟ್ಟೆಯ ಒಬ್ಬ ವ್ಯಾಪಾರಿ ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿದ್ದ. ಒಬ್ಬ ಹೆಂಗಸು ಅವನ ಎರಡು ಬೆರಳ ತುದಿಗೂ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದಳು.

"ವಸಿ ಜಾಸ್ತಿ ಆಕಮ್ಮ, ನಾನು ದೊಡ್ಡ ಕುಳ."

"ಮಾರು ಅಳಿಯೋದು ಕೈಯಿಂದ, ಒಟ್ಟೆಯಿಂದಲ್ಲ. ಜರುಗಿ."

ಸಾಲೆಲ್ಲ ನಕ್ಕಿತು. ಅಕ್ಕನ ಕೂದಲು ಅರ್ಧ ಬೆಳ್ಳಗಾಗಿತ್ತು. ಮಾತು ಪೂರ್ತಿ ಈ ಸೀಮೆಯದಾಗಿತ್ತು. ನನ್ನತ್ತ ನೋಡದೆಯೇ, "ಯಾರಪ್ಪ, ಇದ್ದಿಲ್ ಮಾರೋನಾ? ಸರದೀಲಿ ನಿಂತ್ಕೊ" ಎಂದಳು.

"ಅಕ್ಕಾ. ನಾನು, ಸಂಗ್ಯಾ."

ಅವಳ ಕೈಯ ಇದ್ದಿಲು ಗೋಡೆಯ ಮೇಲೇ ನಿಂತಿತು. ತಿರುಗಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ನಮ್ಮ ಪಡಸಾಲೆಯ ಮಾತಿನಲ್ಲೇ ಕೇಳಿದಳು: "ಉಂಡೀಯೇನು?"

ಅವಳ ಮನೆ ಎದುರಿನ ಓಣಿಯಲ್ಲೇ. ಮಾಸ್ತರರು ಹೋದ ಮೇಲೆ ಅವಳು ಹಬ್ಬ, ಮದುವೆಗೆ ಮನೆಗಳಿಗೆ ಸುಣ್ಣ ಹೊಡೆದು ಕೆಮ್ಮಣ್ಣಿನ ಪಟ್ಟೆ ಎಳೆಯುವ ಕೆಲಸ ಹಿಡಿದಳಂತೆ. ಮೊದಲು ಎಲ್ಲರಿಗೂ ತಾನೇ ಬರೆಯುತ್ತಿದ್ದಳು. ಒಂದು ಮನೆಯ ಸೊಸೆ ನೋಡುತ್ತ ನಿಂತಾಗ ಕುಂಚ ಅವಳ ಕೈಗೆ ಕೊಟ್ಟು, ನಿನ್ನ ಗೋಡೆ ನೀನೇ ಬರಿ ಎಂದಳು. ಅದು ಓಣಿಗೆ ಹಬ್ಬಿತು. ಕೊನೆಗೆ ಸಂತೆ ಗೋಡೆಗೆ ಬಂತು.

"ಆ ಗ್ವಾಡಿಗೆ ಸಂತಿಗೆ ಬಂದ ಗಂಡಸರೆಲ್ಲಾ ಉಚ್ಚಿ ಹೊಯ್ತಿದ್ರು. ಈಗ ಒಬ್ಬ ಹೊಯ್ಯಲಿ ನೋಡೂಣು. ಆ ಮಾರಿನ ಮನಿಯವರು ಕೋಲು ಹಿಡಕೊಂಡು ಬರ್ತಾರ."

"ಎಲ್ಲಾ ಕೇರಿಯವರೂ ಬರೀತಾರೇನು?"

"ಬರೀತಾರ. ಯಾರ ಬಾಜೂಕ ಯಾರು ಅಂತ ಜಗಳಾತು. ಯಾರು ಮೊದಲು ಒಂದು ಕೊಡ ನೀರು ತರ್ತಾರೋ ಅವರಿಗೆ ಮೊದಲ ಮಾರು ಅಂದೆ. ಕೇರಿ ಹೆಣ್ಮಕ್ಕಳು ಮುಂಜಾನೆ ಎದ್ದು ತಂದರು. ದೊಡ್ಡ ಮನಿಯವರು ಮಲಗಿದ್ರು. ನಾ ಏನು ಮಾಡ್ಲಿ?"

ಒಬ್ಬರ ಮಾರನ್ನು ಇನ್ನೊಬ್ಬರು ತಿದ್ದುವ ಹಾಗಿಲ್ಲ. ಅವಳೂ ತಿದ್ದುವುದಿಲ್ಲ. "ಆ ಎಮ್ಮಿಗೆ ಐದು ಕಾಲು ಅದಾವಲ್ಲ?" ಎಂದೆ. "ಅದು ಓಡಾಕತ್ತೈತಿ ಅಂತ ಹೇಳಿದ್ಲು ಬರದಾಕಿ. ಆಕಿ ಎಮ್ಮಿ, ಆಕಿಗೆ ಗೊತ್ತು" ಎಂದಳು.

ಉಂಡು ಕೈ ತೊಳೆದ ಮೇಲೆ ನಾನು ಜೋಡಿಸಿಟ್ಟ ಮಾತು ಶುರು ಮಾಡಿದೆ. "ಅಕ್ಕಾ, ನೀ ಬರೆದ ಪತ್ರ..." ಅವಳು ಸುಮ್ಮನೆ ನನ್ನ ಬಾಯಿ ನೋಡುತ್ತ ಕುಳಿತಳು. ಆ ಕಣ್ಣಿನ ಮುಂದೆ ಜೋಡಿಸಿದ್ದು ಉದುರಿತು. "ಬಂದಿತ್ತು. ಓದಿದೆ. ಉತ್ತರ ಬರೀಲಿಲ್ಲ."

"ಗೊತ್ತು."

"ಇಲ್ಲಿ ನಿನ್ನ ಕಮಾನಿಗೆ ಕದ್ದದ್ದು ಅಂತಾರ."

"ಕದ್ದದ್ದು ಖರೇನ ಐತೆಲ್ಲೋ. ಯಾರು ಕದ್ದರು ಅನ್ನೂದಷ್ಟ ಇವರಿಗೆ ಗೊತ್ತಿಲ್ಲ."

"ನೀನರ ಹೇಳಬೇಕಿತ್ತು."

"ನಾ ಹೇಳಿದ್ರ ಯಾರು ನಂಬ್ತಾರ? ಹೇಳೋದು ನಿನ್ನ ಕೆಲಸ ಇತ್ತು. ಒಂದಿಷ್ಟು ವರ್ಷ ದಾರಿ ನೋಡಿದೆ." ಅವಳು ತಾಟು ಎತ್ತಿದಳು. "ನಾಳೆ ಸಂತಿ. ಊರ ಹಿರೇರು ಕೂಡ್ತಾರ. ಛತ್ರದ ಮುಂದಿನ ಹೊಸಾ ಗ್ವಾಡಿ ನಮಗ ಕೊಡೂದೋ ಬ್ಯಾಡೋ ಅಂತ. ಸಾಲಿ ಮೇಷ್ಟ್ರು ಬ್ಯಾಡ ಅಂತಾರ. ಕದ್ದ ಚಿತ್ರದಾಕಿ ಕೈಯಾಗ ಛತ್ರದ ಗ್ವಾಡಿ ಕೊಟ್ಟರ ಊರಿಗೆ ನಾಚಿಕಿ ಅಂತ. ನೀ ಇವತ್ತ ಬಂದದ್ದು ಚಲೋ ಆತೋ ಕೆಟ್ಟದಾತೋ, ನನಗ ಗೊತ್ತಿಲ್ಲ."

ಹೇಳು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು.

ಮಳವಳ್ಳಿ, ಸಂತೆಯ ದಿನ

ಹುಬ್ಬಳ್ಳಿಯ ಪೇಂಟರು ಬಂದಿದ್ದಾರೆ ಎಂಬ ಸುದ್ದಿ ನನಗಿಂತ ಮೊದಲೇ ಎದ್ದಿತ್ತು. ಬೆಳಿಗ್ಗೆಯೇ ಮೇಷ್ಟ್ರು ಬಂದರು. ಅಚ್ಚುಕಟ್ಟಾದ ಕೋಟು, ಪೇಟ. ಕೆಟ್ಟವರಲ್ಲ. ಕಂಪನಿ ನಾಟಕವೆಂದರೆ ಪ್ರಾಣ. ಎಂದೋ ನನ್ನ ಪರದೆ ನೋಡಿದ್ದರು. ನನ್ನ ಎರಡು ಕೈಗಳನ್ನೂ ಹಿಡಿದುಕೊಂಡು, "ಈ ಕೈ ನೋಡುವ ಪುಣ್ಯ ಬಂತು. ನೀವು ಒಂದು ಮಾತು ಹೇಳಿಬಿಡಿ. ಆಕೆ ನಿಮ್ಮ ಅಕ್ಕ ಎಂದು ಈಗ ತಿಳಿಯಿತು. ಮನೆಯವರ ಕೈಯನ್ನೇ ನಕಲು ಮಾಡಿದ್ದಾರೆ. ದಂಡ ಗಿಂಡ ಏನೂ ಬೇಡ. ನಿಜ ಗೊತ್ತಾದರೆ ಸಾಕು" ಎಂದರು.

ನಿಜ ಗೊತ್ತಾದರೆ ಸಾಕು. ಅವರ ಹಿಂದೆ ನಡೆದೆ.

ಕಮಾನಿನ ಕೆಳಗೆ ಹಿರಿಯರು ಜಗಲಿಯ ಮೇಲೆ ಕುಳಿತಿದ್ದರು. ಸೊಪ್ಪು, ಕೋಳಿ, ಮಡಕೆ ಮಾರುವವರೆಲ್ಲ ಅಷ್ಟಕ್ಕೆ ವ್ಯಾಪಾರ ಬಿಟ್ಟು ಸುತ್ತ ನಿಂತರು. ಬಾಷಾ ಸಾಬರು ಬಸ್ಸನ್ನು ಅಲ್ಲೇ ನಿಲ್ಲಿಸಿಬಿಟ್ಟರು. ಒಳಗಿದ್ದವರು ಕೂಗಲಿಲ್ಲ, ಇಳಿದು ಬಂದರು. ಅಕ್ಕ ದೂರದಲ್ಲಿ ಅಂಟಿನ ಮಡಕೆಯ ಹತ್ತಿರ ನಿಂತಿದ್ದಳು.

ಮೇಷ್ಟ್ರು ಕೋಲೆತ್ತಿ ಕಮಾನು ತೋರಿಸಿದರು. "ಎಡಕ್ಕೆ ಎಣಿಸಿ. ಮೂರು ಕಮಲದ ಮೊಗ್ಗು. ಬಲಕ್ಕೆ ಎರಡೇ. ಯಾಕೆ? ರಾಜರ ಬಲಗೈ ಕೊಡುವ ಕೈ. ಅದಕ್ಕೆ ಜಾಗ ಬಿಟ್ಟಿದ್ದಾರೆ. ಎಂಥ ಯೋಚನೆ! ಇದು ಇವರ ಗುರುತು. ಹೌದೋ ಅಲ್ಲವೋ, ಇವರನ್ನೇ ಕೇಳಿ."

ಬಲಗೈಯ ಆ ಕತೆಯನ್ನು ಕಟ್ಟಿದವನು ನಾನು. ಮೊಗ್ಗು ಒಂದು ಯಾಕೆ ಕಡಿಮೆ ಎಂದು ಯಜಮಾನರು ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿದ್ದೆ. ಅದು ನಾಟಕದ ಮಂದಿಯಲ್ಲೆಲ್ಲ ಹಬ್ಬಿತ್ತು. ನಿಜವಾದ ಕಾರಣ ನನಗೂ ಗೊತ್ತಿರಲಿಲ್ಲ. ಎಲ್ಲ ಪರದೆಯಲ್ಲೂ ಹಾಗೆಯೇ ಎರಡು ಮೊಗ್ಗು ಬರೆಯುತ್ತ ಬಂದಿದ್ದೆ.

ನಾನು ಎದ್ದು ನಿಂತೆ. "ಇದನ್ನ ನಾ ಬರ್ದಿಲ್ರಿ" ಎಂದೆ.

ಹಿಂದಿನಿಂದ ಒಬ್ಬಾಕೆ ಕೇಳಿದಳು: "ಏನಂದ್ರು?"

ಬಸ್ಸಿನಲ್ಲಿದ್ದ ಆ ಬುಟ್ಟಿಯ ಮುದುಕಿ ತಿರುಗಿ ವಿವರಿಸಿದಳು: "ಬರದಿಲ್ವಂತೆ ಕಣಮ್ಮ. ಓದಾಕೆ ಬರಿಯಾಕೆ ಬರದಿಲ್ವಂತೆ. ಪಾಪ."

"ಅಯ್ಯೋ, ಅದ್ಕೇನಂತೆ," ಒಬ್ಬ ಹಿರಿಯರು ಸಮಾಧಾನ ಮಾಡಿದರು. "ನಂಗೂ ಬರದಿಲ್ಲ. ಎಬ್ಬೆಟ್ಟು ಒತ್ತೋದೇಯ."

ಹದಿನಾಲ್ಕು ವರ್ಷದ ಕೆಳಗೆ ಮಾಡಿದ್ದಕ್ಕೂ, ಅದಕ್ಕೂ ಹಿಂದೆ ಮಾಡಿದ್ದಕ್ಕೂ ಸೇರಿಸಿ ಒಮ್ಮೆ ಧೈರ್ಯ ಮಾಡಿದ್ದೆ. ಅದು ಭಾಷೆಯಲ್ಲೇ ಸಿಕ್ಕಿಬಿತ್ತು. ಕುಳಿತುಬಿಡಬಹುದಿತ್ತು. ಮೇಷ್ಟ್ರು ಆಗಲೇ ಹಿರಿಯರ ಕಡೆ ತಿರುಗಿ "ನೋಡಿದಿರಾ, ಎಷ್ಟು ವಿನಯ!" ಎನ್ನುತ್ತಿದ್ದರು. ನಾನು ಇನ್ನೊಂದು ಸಲ, ಜೋರಾಗಿ ಹೇಳಿದೆ: "ಹಂಗಲ್ರಿ. ಇದು ನನ್ನ ಕೈ ಅಲ್ಲ. ನಮ್ಮ ಅಕ್ಕನ ಕೈ. ಆಕಿ ಹದಿನಾರು ವರ್ಷದಾಕಿ ಇದ್ದಾಗ ಮಾಡಿದ್ದು."

"ಅಕ್ಕನ ಕೈಗೆ ಏನಾಯ್ತಂತೆ?" ಹಿಂದಿನಾಕೆ ಮತ್ತೆ ಕೇಳಿದಳು.

ಆಗ ನನಗೆ ಈ ಸೀಮೆಗೂ ನಮ್ಮ ಸೀಮೆಗೂ ಒಂದೇ ಅರ್ಥದ ಮಾತು ಬೇಕಾಯಿತು. ಅದು ಬಸ್ಸಿನ ಕಂಡಕ್ಟರಿನಿಂದ ಹಿಡಿದು ಎಲ್ಲರ ಬಾಯಲ್ಲೂ ಇತ್ತು.

"ಕದ್ದವ ನಾನು" ಎಂದೆ.

ಈ ಸಲ ಯಾರೂ ಅರ್ಥ ಕೇಳಲಿಲ್ಲ. ಮೇಷ್ಟ್ರ ಕೋಲು ಮೆಲ್ಲಗೆ ಕೆಳಗಿಳಿಯಿತು.

"ಹಾಗಾದರೆ," ಅವರು ಕೇಳಿದರು, "ಆ ಮೂರನೆಯ ಮೊಗ್ಗು?"

ನಾನು ಅಕ್ಕನ ಕಡೆ ನೋಡಿದೆ. ಅವಳು ಅಂಟಿನ ಕೋಲು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಹೇಳಿದ್ದು ಅವರ ಮಾತಿನಲ್ಲಿ.

"ಬಟ್ಟೆ ದೊಡ್ದು, ಮನೆ ಸಣ್ದು. ಬಲಗಡೆ ಅಂಚು ನಮ್ಮಪ್ಪನ ಮಂಚದ ಕೆಳಗಿತ್ತು. ಅಪ್ಪಂಗೆ ಮೂರು ದಿನದಿಂದ ನಿದ್ದೆ ಬಂದಿರ್ನಿಲ್ಲ. ಅವತ್ತು ಬಂದಿತ್ತು. ಎಬ್ಬಿಸ್ಲಿಲ್ಲ. ಮೊಗ್ಗು ಬುಟ್ಟೆ."

ಇದು ನನಗೆ ಅಂದೇ ತಿಳಿದದ್ದು. ಅದೇ ಪಡಸಾಲೆಯಲ್ಲಿ ನಾನೂ ಇದ್ದೆ. ಅಪ್ಪನಿಗೆ ನಿದ್ದೆ ಬಂದದ್ದು ನಾನು ನೋಡಿರಲಿಲ್ಲ. ಕಣ್ಣೀರು ಬಂತು, ಅಷ್ಟು ಜನರ ಮುಂದೆ ನಿಲ್ಲಿಸಲಾಗಲಿಲ್ಲ, ನಿಲ್ಲಿಸಲು ನೋಡಲೂ ಇಲ್ಲ.

ಮುದುಕಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ಅ‍ಳಬ್ಯಾಡ ಬುಡಪ್ಪ. ಕದ್ದ ಕಮಾನು ಅಂತಿದ್ವಿ, ಕದ್ದೋನು ಯಾರೂಂತ ಗೊತ್ತಿರ್ನಿಲ್ಲ. ಈಗ ಪೂರ್ತಿಯಾಯ್ತು."

"ಇನ್ಮೇಲೆ ಎಸ್ರು ಬದಲಾಯಿಸ್ಬೇಕಲ್ವಾ?" ಎಂದರು ಬಾಷಾ ಸಾಬರು.

"ಯಾಕೆ? ಬಸ್ಸು ಎಲ್ಲಿ ನಿಂತ್ಕೊಬೇಕು ಆಮ್ಯಾಕೆ?" ಎಂದಳು ಮುದುಕಿ.

ನಗು ಶುರುವಾದದ್ದು ಎಲ್ಲಿಂದಲೋ, ಹಿರಿಯರ ಜಗಲಿಗೂ ತಲುಪಿತು. ಛತ್ರದ ಗೋಡೆಯ ವಿಷಯ ಯಾರೂ ಎತ್ತಲೇ ಇಲ್ಲ. ಅದು ಆಗಿಹೋದ ಮಾತಾಗಿತ್ತು. ಮೇಷ್ಟ್ರು ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಕ್ಕನ ಮುಂದೆ ನಿಂತರು. "ತಪ್ಪಾಯ್ತಮ್ಮ. ಹೊಸ ಗೋಡೆಯಲ್ಲಿ ನನಗೂ ಒಂದು ಮಾರು ಕೊಡ್ತೀರಾ?"

"ಒಂದು ಕೊಡ ನೀರು ತಂದು ಸರದೀಲಿ ನಿಂತ್ಕೊಳಿ ಮೇಷ್ಟ್ರೇ" ಎಂದಳು ಅಕ್ಕ.

ನಾನೂ ಕೇಳಿದೆ. ನನಗೆ ಕೊಡಲಿಲ್ಲ. ಅದು ಊರವರಿಗೆ ಮಾತ್ರವಂತೆ. ಮುಂದಿನ ನಾಲ್ಕು ದಿನ ಹುಣಸೆ ಬೀಜ ಕುದಿಸಿ ಅಂಟು ಕಲೆಸುವ ಕೆಲಸ ಕೊಟ್ಟಳು. ಗಂಟಾದರೆ ಬೈದಳು. ಮೇಷ್ಟ್ರು ತಮ್ಮ ಮಾರಿನಲ್ಲಿ ಒಂದು ಆನೆ ಬರೆಯಲು ಹೊರಟು ಅದು ಹಂದಿಯಾಗಿ, ತಿದ್ದಿಕೊಡಿ ಎಂದು ನನ್ನನ್ನು ಗುಟ್ಟಾಗಿ ಕರೆದರು. ನಾನು ಇಲ್ಲಿಯ ಕಾಯಿದೆ ಹೇಳಿ ತಪ್ಪಿಸಿಕೊಂಡೆ. ಇಷ್ಟು ಹಗುರವಾದ ನಾಲ್ಕು ದಿನ ನನ್ನ ನೆನಪಿನಲ್ಲಿಲ್ಲ. ಬಣ್ಣ ನನ್ನದಲ್ಲ, ಗೋಡೆ ನನ್ನದಲ್ಲ, ಚೆನ್ನಾಗಿ ಬಂದರೂ ಕೆಟ್ಟರೂ ನನ್ನ ಹೆಸರಿಲ್ಲ. ಹೊಟ್ಟೆ ತುಂಬ ಉಂಡೆ.

ಹೊರಡುವ ದಿನ ಅಕ್ಕ ಬಸ್ಸಿನವರೆಗೆ ಬಂದಳು. "ಇಲ್ಲಿ ಹೇಳಿದಿ. ಇದು ಪರರಾಜ್ಯ. ಊರಾಗ?"

"ಊರಾಗೂ ಹೇಳ್ತೇನಿ. ಎಲ್ಲಾರೂ ಓದೂ ಹಂಗ ಬರೀತೇನಿ."

"ಬರಿಯಾಕ ಬರ್ತದೇನು ನಿನಗ?" ಎಂದಳು. ಆ ಮುದುಕಿಯ ಮಾತು ಇಬ್ಬರಿಗೂ ಒಟ್ಟಿಗೆ ನೆನಪಾಗಿ, ಬಸ್ಸಿನ ಹೊಗೆಯ ನಡುವೆ ಕೆಮ್ಮುವಷ್ಟು ನಕ್ಕೆವು.

ಮತ್ತೆ ರೈಲು

ಬರೆದಿದ್ದೇನೆ. ಕಂಪನಿಯ ಯಜಮಾನರು ಇದನ್ನು ಓದುತ್ತಾರೆ. ಓದಿದ ಮೇಲೆ ನನಗೆ ಪರದೆ ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಪರದೆ ನೋಡಿ ಚಪ್ಪಾಳೆ ತಟ್ಟಿದವರೆಲ್ಲ ಅದನ್ನು ಮಳವಳ್ಳಿಯ ಗಂಗವ್ವನಿಗೆ ತಟ್ಟಿದ್ದು ಎಂದು ತಿಳಿಯಬೇಕು.

ಇಷ್ಟನ್ನು ಹೇಳುವ ಮೊದಲು ಒಂದು ಅಭ್ಯಾಸ ಬೇಕಿತ್ತು. ಅದು ಮದ್ದೂರಿನಲ್ಲಿ ಬೆಂಗಳೂರು ಗಾಡಿ ಹತ್ತಿದಾಗಲೇ ಸಿಕ್ಕಿತು. ಪಕ್ಕದಲ್ಲಿ ಒಬ್ಬ ರೈತ ಬಂದು ಕುಳಿತ. ತೊಡೆಯ ಮೇಲೆ ದೊಡ್ಡ ಕುಂಬಳಕಾಯಿ. ನನ್ನ ಬೆರಳಿಗೆ ಹತ್ತಿದ್ದ ಕೆಮ್ಮಣ್ಣು ನೋಡಿ ಕೇಳಿದ: "ಏನ್ ಕೆಲ್ಸ ಮಾಡ್ತೀರಿ?"

"ನಾಟಕದ ಪರದೆ ಬರೀತೇನ್ರಿ."

"ಯಾರು ಕಲ್ಸಿದ್ರು?"

ಈ ಪ್ರಶ್ನೆಗೆ ನಾನು ಇಲ್ಲಿಯವರೆಗೆ ಕೊಟ್ಟ ಉತ್ತರ, ಯಾರೂ ಕಲಿಸಿಲ್ಲ, ದೇವರು ಕೊಟ್ಟದ್ದು ಎಂದು.

"ನಮ್ಮ ಅಕ್ಕ ಕಲಿಸಿದಳು. ಚಲೋದೆಲ್ಲಾ ಆಕಿದು."

ಅವನು ತಲೆಯಾಡಿಸಿದ. ಇದೆಲ್ಲ ಅವನಿಗೆ ಮೊದಲೇ ಗೊತ್ತಿದ್ದ ಹಾಗೆ.

"ಸರಿ, ವಸಿ ಅತ್ಲಾಗೆ ಜರುಗಿ," ಎಂದ. "ಕುಂಬ್ಳಕಾಯಿ ಮಡಗ್ಬೇಕು."

ಜರುಗಿದೆ.